ಬಾಳೆಹಣ್ಣಿನ ನಂಬರು 4011

ಒಂಟಾರಿಯೊದ ಈ ದಿನಸಿ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಕೆನಡಾದಲ್ಲಿ ಹೊರದೇಶದ ವಿದ್ಯಾರ್ಥಿಗಳು ತರಗತಿ ನಡೆಯುವ ದಿನಗಳಲ್ಲಿ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲವಾದ್ದರಿಂದ ಸಂಜೆಯ ಪಾಳಿ ಮತ್ತು ಶನಿವಾರ ನನ್ನ ಪಾಲಿಗೆ ಬಂದಿವೆ. ಹೊಸದಾಗಿ ಬಂದ ಹಾಲನ್ನು ಹಿಂದಕ್ಕೂ ಹಳೆಯದನ್ನು ಮುಂದಕ್ಕೂ ಜೋಡಿಸುತ್ತೇನೆ. ಜನ ಹೆಚ್ಚಾದಾಗ ಬಿಲ್ಲಿಂಗ್‌ಗೆ ನಿಲ್ಲುತ್ತೇನೆ. ಬಿಡಿಯಾಗಿ ತರುವ ಹಣ್ಣು ತರಕಾರಿಗೆ ನಂಬರು ಒತ್ತಬೇಕು: ಬಾಳೆಹಣ್ಣಿಗೆ 4011, ಶುಂಠಿಗೆ 4612, ಕೊತ್ತಂಬರಿ ಸೊಪ್ಪಿಗೆ 4889.

ಕಳೆದ ಶನಿವಾರ, ನಾನು ಪಟ್ಟಿ ನೋಡದೆ ನಂಬರು ಒತ್ತುವುದನ್ನೇ ಕಣ್ಣರಳಿಸಿ ನೋಡುತ್ತಿದ್ದ ಆರೇಳು ವರ್ಷದ ಹುಡುಗಿಯೊಬ್ಬಳು, "ಅಮ್ಮಾ, ದೊಡ್ಡವಳಾದ ಮೇಲೆ ನಾನೂ ಇದೇ ಕೆಲಸ ಮಾಡ್ತೀನಿ" ಎಂದಳು. ತಾಯಿ ನಗಲೂ ಇಲ್ಲ, ಗದರಲೂ ಇಲ್ಲ. "ಹಾಗಾದ್ರೆ ನಂಬರೆಲ್ಲ ಕಲೀಬೇಕಲ್ಲ, ಅವರನ್ನೇ ಕೇಳು" ಎಂದರು. ನಾನು ರಸೀದಿಯ ಹಿಂದೆ 4011 ಎಂದು ಬರೆದುಕೊಟ್ಟೆ. ಅವಳು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೊರಟಳು.

ಇಲ್ಲಿಯೂ ಈ ಕೆಲಸಕ್ಕೆ ಸಿಗುವುದು ಕನಿಷ್ಠ ಕೂಲಿಯೇ, ಗಂಟೆಗೆ 17.60 ಡಾಲರ್; ಕೋಣೆಯ ಬಾಡಿಗೆ ಕಟ್ಟಿದ ಮೇಲೆ ಉಳಿಯುವುದು ಅಷ್ಟಕ್ಕಷ್ಟೆ. ಆದ್ದರಿಂದ ಈ ದೇಶವನ್ನು ಹೊಗಳಲು ನಾನಿದನ್ನು ಬರೆಯುತ್ತಿಲ್ಲ. ಆ ತಾಯಿಯ ಮಾತು ಕೇಳಿದೊಡನೆ ನನಗೆ ನೆನಪಾದದ್ದು ಮಂಡ್ಯದ ಪೇಟೆ ಬೀದಿ.

ಅಲ್ಲಿನ ದಿನಸಿ ಅಂಗಡಿಯಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗನೊಬ್ಬನಿದ್ದ. ಹಳೆಯ ಪೇಪರಿನ ಹಾಳೆಯನ್ನು ಸುರುಳಿ ಸುತ್ತಿ, ತೊಗರಿಬೇಳೆ ಸುರಿದು, ಬಾಯಿ ಮಡಚಿ, ತಲೆಯ ಮೇಲೆ ತೂಗುತ್ತಿದ್ದ ಉಂಡೆಯಿಂದ ದಾರ ಎಳೆದು ನಾಲ್ಕು ಸುತ್ತು ಬಿಗಿದು, ಅದನ್ನು ಬೆರಳಿಗೆ ಸುತ್ತಿಕೊಂಡು ಒಂದೇ ಸೆಳೆತಕ್ಕೆ ತುಂಡರಿಸುತ್ತಿದ್ದ. ಒಂದು ಕಾಳೂ ಚೆಲ್ಲುತ್ತಿರಲಿಲ್ಲ. ಬೆಲ್ಲದ ಉಂಡೆಗಳನ್ನು ಎತ್ತಿಕೊಟ್ಟು ಅವನ ಬೆರಳ ಸಂದುಗಳು ಸದಾ ಅಂಟಾಗಿರುತ್ತಿದ್ದವು. ಲೆಕ್ಕದಲ್ಲಿ ನನಗೆ ಕಡಿಮೆ ಅಂಕ ಬಂದಿದ್ದ ಒಂದು ದಿನ ಅಮ್ಮ ಅವನೆದುರಿಗೇ, "ಓದ್ದೇ ಹೋದ್ರೆ ನೀನೂ ಇವನ ಥರ ಪೊಟ್ಟಣ ಕಟ್ತಾ ಇರ್ಬೇಕಾಯ್ತದೆ, ನೋಡ್ಕೊ" ಎಂದರು. ಅವನು ತಲೆಯೆತ್ತದೆ ದಾರ ತುಂಡರಿಸಿ ಕೇಳಿದ: "ಇನ್ನೇನ್ ಕೊಡ್ಲಿ ಅಕ್ಕಾ?"

ಅಮ್ಮ ಕೆಟ್ಟವರಲ್ಲ, ಆ ಮಾತನ್ನು ಆಡದ ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ. ಕಬ್ಬು, ಭತ್ತ ಬೆಳೆದು ನಾಡಿಗೆ ಉಣಿಸುವ ಜಿಲ್ಲೆಯವರಾದ ನಾವು, ಆ ಬೆಲ್ಲ, ಅಕ್ಕಿಯನ್ನು ತೂಗಿ ಕೈಗಿಡುವವನನ್ನು ಮಾತ್ರ ಮಕ್ಕಳನ್ನು ಹೆದರಿಸಲು ಬಳಸಿಕೊಂಡೆವು. ನಾನು ಅಂಗಡಿಯಲ್ಲಿ ದುಡಿಯುವುದನ್ನು ಚಿಕ್ಕಪ್ಪನ ಮನೆಯವರಿಗೆ ಅಮ್ಮ ಇನ್ನೂ ಹೇಳಿಲ್ಲ.

ಪಾಳಿ ಮುಗಿಸಿ ರಾತ್ರಿ ಫೋನ್ ಮಾಡಿದಾಗ ಮಂಡ್ಯದಲ್ಲಿ ಭಾನುವಾರ ಬೆಳಗಾಗಿತ್ತು. ಪೇಟೆ ಬೀದಿಯಲ್ಲಿ ಬೇಳೆ ಕಟ್ಟಿಕೊಡುತ್ತಿದ್ದ ಆ ಹುಡುಗ ಈಗೇನು ಮಾಡುತ್ತಿದ್ದಾನೆಂದು ಅಮ್ಮನನ್ನು ಕೇಳಿದೆ.

"ಯಾವ ಹುಡುಗ ಮಗ?" ಎಂದರು.

ಹೆಸರು ಹೇಳೋಣವೆಂದರೆ ನನಗೂ ಗೊತ್ತಿರಲಿಲ್ಲ.