ಒಪ್ಪತ್ತಿನ ಕಟ್ಟಳೆ ಯಾರನ್ನು ಕೇಳೋಣ?

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹತ್ತಿರವಾದರೆ ಸಾಕು, ನಮ್ಮ ಕೋಲಾರದ ಕಡೆಯ ಕಥೋಲಿಕ ಮನೆಗಳ ಮೊಬೈಲಿಗೆ ನಿಯಮಗಳು ಬಂದು ಬೀಳುತ್ತವೆ. ನಲವತ್ತು ದಿನ ಮೊಟ್ಟೆ ಮುಟ್ಟಬಾರದು, ಹಾಲು ಕೂಡದು, ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಯುವ ತನಕ ನೀರೂ ಕುಡಿಯಬಾರದು. ಬರೆದವರ ಹೆಸರಿರುವುದಿಲ್ಲ. ಇದನ್ನು ನಂಬಿ ಸಕ್ಕರೆ ಕಾಯಿಲೆಯ ಅಜ್ಜಿಯರು ಮಾತ್ರೆ ಬಿಟ್ಟು ಕೂರುವುದನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ನಮ್ಮಿಂದ ಕೇಳುವುದು ಅಷ್ಟಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ಕಡ್ಡಾಯ ಉಪವಾಸ ಎರಡೇ ದಿನ: ವಿಭೂತಿ ಬುಧವಾರ, ಶುಭ ಶುಕ್ರವಾರ (ಗುಡ್ ಫ್ರೈಡೆ). ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಒಂದು ಹೊತ್ತು ಪೂರ್ತಿ ಊಟ, ಬೆಳಿಗ್ಗೆ ಸಂಜೆ ಸ್ವಲ್ಪ ಏನಾದರೂ ತಿನ್ನಬಹುದೆಂದು ಆರನೇ ಪೌಲ್ ಪೋಪರು 1966ರಲ್ಲೇ ತಿಳಿಸಿದ್ದಾರೆ. ಮಾಂಸ ಬಿಡುವ ಕಟ್ಟಳೆ 14 ತುಂಬಿದವರಿಗೆಲ್ಲ. ಈ ಎರಡು ದಿನ ಮಾತ್ರವಲ್ಲ, ವರ್ಷದ ಎಲ್ಲ ಶುಕ್ರವಾರಗಳಿಗೂ. ಮೊಟ್ಟೆ, ಹಾಲು, ಮೀನಿಗೆ ಅಡ್ಡಿಯಿಲ್ಲ. ಮಾರ್ಚ್ 19ರ ಸಂತ ಜೋಸೆಫರ ಮಹೋತ್ಸವ ಶುಕ್ರವಾರವೇ ಬಂದರೆ ಅಂದು ಮಾಂಸಕ್ಕೂ ತಡೆಯಿಲ್ಲ. ಪೂಜೆಯಲ್ಲಿ ಪರಮಪ್ರಸಾದ (ಕಮ್ಯೂನಿಯನ್) ಸ್ವೀಕರಿಸುವ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು ನಿಜ, ಆದರೆ ನೀರು ಮತ್ತು ಔಷಧಿಗೆ ಆ ನಿಯಮ ಅನ್ವಯಿಸುವುದಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರ ಆರೈಕೆ ಮಾಡುವವರಿಗೆ ಆ ಒಂದು ಗಂಟೆಯೂ ಇಲ್ಲ.

ಆಯಾ ದೇಶದ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿ ಇದರಲ್ಲಿ ಮಾರ್ಪಾಡು ಮಾಡಬಹುದು, ಮಾಂಸ ಬಿಡುವ ಬದಲು ದಾನ, ಪ್ರಾರ್ಥನೆ ಗೊತ್ತುಮಾಡಬಹುದು. ನಾವು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು. ಅಲ್ಲಿಂದ ಬಂದ ಸುತ್ತೋಲೆಗೆ ಕಿವಿಗೊಡಬೇಕು, ಅನುಮಾನವಿದ್ದರೆ ನಮ್ಮ ಧರ್ಮಕೇಂದ್ರದ ಗುರುಗಳನ್ನೇ ಕೇಳಬೇಕು. ತಕ್ಕ ಕಾರಣವಿದ್ದರೆ ವಿನಾಯಿತಿ ಕೊಡುವ ಅಧಿಕಾರವೂ ಅವರಿಗಿದೆ.

ಇಷ್ಟು ಸಲೀಸೇ ಎಂದು ಕೆಲವರಿಗೆ ಬೇಸರ. ಹೆಚ್ಚು ಮಾಡಬೇಕೆನ್ನುವವರು ಕಾಫಿ ಬಿಡಲಿ, ಮುದ್ದೆಗೆ ಬರೀ ಉಪ್ಪುಸಾರು ಸಾಕೆನ್ನಲಿ, ಅದು ಅವರ ಮತ್ತು ದೇವರ ನಡುವಿನ ಮಾತು. ಅದನ್ನೇ ಧರ್ಮಸಭೆಯ ಆಜ್ಞೆಯೆಂದು ಪಕ್ಕದ ಮನೆಯವರ ಮೇಲೆ ಹೊರಿಸಬಾರದು. ಹೊರಲಾರದ ಹೊರೆಯನ್ನು ಜನರ ಹೆಗಲಿಗೆ ಹೇರುವವರ ಬಗ್ಗೆ ಯೇಸುಸ್ವಾಮಿ ಎಷ್ಟು ಖಾರವಾಗಿ ಮಾತಾಡಿದರೆಂಬುದು ಮತ್ತಾಯನ ಶುಭಸಂದೇಶದಲ್ಲಿದೆ. ನನಗಂತೂ ಈ ಚಿಕ್ಕ ಕಟ್ಟಳೆಯಲ್ಲೇ ಭಕ್ತಿ ಕಾಣುತ್ತದೆ. ನಾನೇ ಆರಿಸಿಕೊಂಡ ಕಠಿಣ ವ್ರತದಲ್ಲಿ ನನ್ನ ಹೆಮ್ಮೆ ಸುಲಭವಾಗಿ ನುಸುಳುತ್ತದೆ. ಧರ್ಮಸಭೆ ಹೇಳಿದ ದಿನ, ಹೇಳಿದಷ್ಟು ಹಸಿದರೆ, ಕೆಜಿಎಫ್‌ನ ಗಣಿ ಕಾಲೊನಿಯಲ್ಲೂ ಮಂಗಳೂರಿನಲ್ಲೂ ರೋಮಿನಲ್ಲೂ ಅಂದು ಹಸಿದಿರುವವರ ಜೊತೆ ನಾನೂ ಒಬ್ಬ.

ವಿಭೂತಿ ಬುಧವಾರ ಕಳೆದ ಮೊದಲ ಶುಕ್ರವಾರದ ಪೂಜೆಯಲ್ಲಿ ಯೆಶಾಯನ 58ನೇ ಅಧ್ಯಾಯ ಓದುತ್ತಾರೆ. ಹಸಿದವರಿಗೆ ಅನ್ನ ಹಂಚು, ಬಟ್ಟೆಯಿಲ್ಲದವನಿಗೆ ಹೊದಿಸು, ನಾನು ಮೆಚ್ಚುವ ಉಪವಾಸ ಇದೇ ಎನ್ನುತ್ತಾರೆ ದೇವರು. ಈ ಸಲ ನಮ್ಮ ಗುಂಪುಗಳಲ್ಲಿ ಅದನ್ನು ಕಳಿಸೋಣ.