ನನಗೆ ಹೊಂದುವ ಸ್ಕೀ: ಈ ಚಳಿಗಾಲದ ಪ್ರಗತಿ

ನವೆಂಬರ್

ಈ ಸೀಸನ್‌ನಲ್ಲಿ ನನ್ನ ಗುರಿ ಒಂದೇ. ನೀಲಿ ಗುರುತಿನ, ಅಂದರೆ ಮಧ್ಯಮ ಕಷ್ಟದ ಇಳಿಜಾರುಗಳಲ್ಲಿ ಹಿಂಬದಿಯನ್ನು ಜಾರಿಸಿ ತಿರುಗುವುದನ್ನು ಬಿಟ್ಟು, ಸ್ಕೀಯ ಅಂಚಿನ ಮೇಲೆ ನಿಂತು ತಿರುಗಬೇಕು. ಕಾರ್ವಿಂಗ್ ಅಂತಾರಲ್ಲ, ಅದು. ಅದಕ್ಕಾಗಿ ಬಾಡಿಗೆ ಸ್ಕೀ ಬಿಟ್ಟು ಸ್ವಂತದ ಜೋಡಿ ತೆಗೆದುಕೊಳ್ಳುತ್ತಿದ್ದೇನೆ.

ನನ್ನ ಅಳತೆಗಳನ್ನು ಮೊದಲೇ ಬರೆದುಬಿಡುತ್ತೇನೆ, ಆಯ್ಕೆಯೆಲ್ಲ ಅದರ ಮೇಲೇ ನಿಂತಿದೆ. ಎತ್ತರ 161 ಸೆಂ.ಮೀ., ತೂಕ 58 ಕಿಲೋ, ವಯಸ್ಸು 50 ದಾಟಿದೆ. ಮನೆ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಕೆಲಸ ಮುಗಿಸಿ ಬ್ರೈಟನ್ ಅನ್ನುವ ಸ್ಕೀ ತಾಣಕ್ಕೆ ಹೋಗಿ ರಾತ್ರಿ ದೀಪದ ಬೆಳಕಿನಲ್ಲಿ ಆಡುವುದೇ ಜಾಸ್ತಿ. ವಾರದ ಕೊನೆಗೆ ಆಲ್ಟಾ ಅನ್ನುವ ಇನ್ನೊಂದು ತಾಣ. ಆಲ್ಟಾದಲ್ಲಿ ಸ್ನೋಬೋರ್ಡ್‌ಗೆ ಪ್ರವೇಶವಿಲ್ಲ, ಸ್ಕೀ ಮಾತ್ರ.

ಇಷ್ಟು ವರ್ಷ ಬಾಡಿಗೆಗೆ ಸಿಗುತ್ತಿದ್ದುದು ಗಲ್ಲಕ್ಕಿಂತ ಕೆಳಗೆ ಬರುವ, ತುಂಬ ಮೆತ್ತನೆಯ ಸ್ಕೀ. ಕಲಿಯುವಾಗ ಅದು ಒಳ್ಳೆಯದೇ. ವೇಗ ಬಂದ ಮೇಲೆ ಮಾತ್ರ ಮುಂದಿನ ತುದಿ ಪಟಪಟ ಬಡಿದುಕೊಳ್ಳಲು ಶುರುವಾಗುತ್ತದೆ. ಆಗ ಅಂಚಿನ ಮೇಲೆ ಭಾರ ಹಾಕಲು ಧೈರ್ಯವೇ ಬರುವುದಿಲ್ಲ.

ಸ್ಕೀಗಿಂತ ಮೊದಲು ಬೂಟು. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಕಾಲಿನ ಸಂದೇಶ ಸ್ಕೀಗೆ ತಲುಪುವುದೇ ಬೂಟಿನ ಮೂಲಕ. ಅಂಗಡಿಯಲ್ಲಿ ಒಳಗಿನ ಮೆತ್ತೆ ತೆಗೆಸಿ, ಬರೀ ಚಿಪ್ಪಿನೊಳಗೆ ಪಾದ ಇಟ್ಟು, ಬೆರಳುಗಳನ್ನು ಮುಂದಕ್ಕೆ ಮುಟ್ಟಿಸಿ ನೋಡಿದೆ. ಹಿಮ್ಮಡಿಯ ಹಿಂದೆ ಸುಮಾರು ಒಂದೂವರೆ ಸೆಂ.ಮೀ. ಜಾಗ ಉಳಿಯಿತು. ಅಷ್ಟೇ ಇರಬೇಕು. ಎರಡೂವರೆ ಮೂರು ಸೆಂ.ಮೀ. ಉಳಿದರೆ ಬೂಟು ದೊಡ್ಡದು ಅಂತ ಅರ್ಥ, ಎಷ್ಟೇ ಹಿತವಾಗಿದ್ದರೂ ಸರಿ. ಹೆಂಗಸರ ಬೂಟಿನ ಮೇಲ್ಭಾಗ ಸ್ವಲ್ಪ ಗಿಡ್ಡ ಇರುತ್ತದೆ, ನಮ್ಮ ಮೀನಖಂಡ ಕೆಳಗಿನಿಂದಲೇ ದಪ್ಪವಾಗುವುದರಿಂದ. ನಾನು ತೆಗೆದುಕೊಂಡದ್ದು 90 ಫ್ಲೆಕ್ಸ್. ಫ್ಲೆಕ್ಸ್ ಅಂದರೆ ಬೂಟು ಎಷ್ಟು ಗಡಸು ಅನ್ನುವ ಸಂಖ್ಯೆ.

ಡಿಸೆಂಬರ್

ಹಿಮ ಇನ್ನೂ ಕಡಿಮೆ. ಓದುವುದು, ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡುವುದು, ಇಷ್ಟೇ ಕೆಲಸ.

ಹೆಂಗಸರ ಸ್ಕೀ ಅಂದರೆ ಬರೀ ಬಣ್ಣ ಬೇರೆ ಅನ್ನುವವರು ಈಗಲೂ ಇದ್ದಾರೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬ್ಲಿಝರ್ಡ್ ಕಂಪನಿಯ ಹೆಂಗಸರ ಸ್ಕೀ ಬ್ಲಾಕ್ ಪರ್ಲ್ 88 ಮತ್ತು ಹಿಂದೆ ಬರುತ್ತಿದ್ದ ಗಂಡಸರ ಬ್ರಾಹ್ಮಾ 88, ಎರಡರ ನಡು ಭಾಗದ ಅಗಲವೂ ಒಂದೇ, 88 ಮಿ.ಮೀ. ಒಳಗಿನ ರಚನೆ ಮಾತ್ರ ಬೇರೆ. ನಾರ್ಡಿಕಾ ಕಂಪನಿಯ ಎನ್‌ಫೋರ್ಸರ್ 94ರಲ್ಲಿ ಲೋಹದ ಹಾಳೆ ಎರಡಿದ್ದರೆ, ಅವರದೇ ಹೆಂಗಸರ ಸ್ಕೀ ಸಾಂಟಾ ಆನಾ 93ರಲ್ಲಿ ಒಂದೇ. ಹಗುರ ಮೈಯವರು ಒತ್ತಿದರೂ ಸ್ಕೀ ಬಾಗಬೇಕು ಅನ್ನುವುದು ಉದ್ದೇಶ. ಬಾಗದ ಸ್ಕೀ ತಿರುಗುವುದಿಲ್ಲ.

ಇನ್ನೊಂದು ವಿಷಯ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಬಿಗಿಯುವ ಸಾಧನ, ಕೂರುವ ಜಾಗ. ನಮ್ಮ ಭಾರ ಸೊಂಟದ ಕಡೆ, ಸ್ವಲ್ಪ ಕೆಳಗೆ, ಸ್ವಲ್ಪ ಹಿಂದೆ ಇರುತ್ತದೆ. ಹಾಗಾಗಿ ಬೈಂಡಿಂಗನ್ನು ತುಸು ಮುಂದಕ್ಕೆ ಕೂರಿಸಿದರೆ, ಹಿಮ್ಮಡಿಯನ್ನು ತುಸು ಎತ್ತಿಸಿದರೆ ತಿರುವು ಸುಲಭವಾಗುತ್ತದೆ ಅಂತ ಅಮೆರಿಕದ ಜೀನಿ ಥೋರೆನ್ ದಶಕಗಳ ಹಿಂದೆಯೇ ಹಟ ಹಿಡಿದು ಹೇಳಿದರು. ಹೆಂಗಸರಿಗಾಗಿಯೇ ಸ್ಕೀ ಮಾಡುವ ಯೋಚನೆ ಕಂಪನಿಗಳಿಗೆ ಬರಲು ಅವರ ಪಾಲು ದೊಡ್ಡದು. ನನಗೆ ಅವರ ಮೇಲೆ ತುಂಬ ಗೌರವ.

ಊರಿಂದ ಫೋನ್ ಮಾಡಿದ ಅಕ್ಕ, "ನಮ್ಮ ಕೊಡಗಿನ ಹುಡುಗಿ ಪದಕ ಗೆದ್ದಳಲ್ಲ, ಅದೇ ಆಟಾನಾ?" ಅಂತ ಕೇಳಿದಳು. 2025ರಲ್ಲಿ ಚಿಲಿಯಲ್ಲಿ ಕಂಚು ಗೆದ್ದ ಭವಾನಿ ತೆಕ್ಕಡ ನಂಜುಂಡ ಅವರ ವಿಷಯ. ಅವರದು ಕ್ರಾಸ್ ಕಂಟ್ರಿ. ಆ ಸ್ಕೀ ಪಟ್ಟಿಯಂತೆ ಸಪೂರ, ಹಿಮ್ಮಡಿ ಬಿಗಿದಿರುವುದಿಲ್ಲ, ಏರು ದಾರಿಯನ್ನೂ ಕಾಲಿನ ಬಲದಿಂದಲೇ ಹತ್ತಬೇಕು. ನಾನು ಲಿಫ್ಟ್‌ನಲ್ಲಿ ಹತ್ತಿ ಇಳಿಯುವವಳು. ಆದರೂ ಆ ಸುದ್ದಿ ಓದಿದ ದಿನ ಆದ ಖುಷಿ ಇನ್ನೂ ಇದೆ.

ಜನವರಿ

ಡೆಮೊ ತಿಂಗಳು, ಅಂದರೆ ಕೊಳ್ಳುವ ಮೊದಲು ಬೇರೆ ಬೇರೆ ಸ್ಕೀ ಹಾಕಿ ಆಡಿ ನೋಡುವುದು. ಯೂಟಾದಲ್ಲಿ ಅಂಗಡಿಯವರಿಗೆ ಪುಡಿಹಿಮದ ಮೇಲೆ ಬಲು ಪ್ರೀತಿ, ಹಾಗಾಗಿ ಎಲ್ಲರೂ 95 ಮಿ.ಮೀ.ಗಿಂತ ಅಗಲದ್ದನ್ನೇ ಮುಂದೆ ಇಡುತ್ತಾರೆ. ಆಲ್ಟಾದಲ್ಲಿ ಹೊಸ ಹಿಮ ಬಿದ್ದ ಬೆಳಿಗ್ಗೆ ಅದು ಸರಿಯೇ. ಆದರೆ ನನ್ನ ಹೆಚ್ಚಿನ ಹೊತ್ತು ಕಳೆಯುವುದು ರಾತ್ರಿಯ ಬ್ರೈಟನ್‌ನಲ್ಲಿ. ಹಗಲೆಲ್ಲ ಜನ ಸವೆಸಿದ ಇಳಿಜಾರು ಸಂಜೆಯ ಚಳಿಗೆ ಗಟ್ಟಿಯಾಗಿರುತ್ತದೆ. ಅಲ್ಲಿಗೆ ಏನು ಬೇಕೋ ಅದನ್ನೇ ಹುಡುಕಬೇಕು, ಅಲ್ವಾ?

ಹೋಲಿಕೆ ನ್ಯಾಯವಾಗಿರಲಿ ಅಂತ ಒಂದೇ ಇಳಿಜಾರು, ಒಂದೇ ಕ್ರಮ ಇಟ್ಟುಕೊಂಡೆ. ಮೊದಲು ನಿಧಾನದ ದೊಡ್ಡ ತಿರುವು, ಆಮೇಲೆ ಚಿಕ್ಕ ತಿರುವು, ಕೊನೆಗೆ ಸುಮ್ನೆ ವೇಗವಾಗಿ ನೇರ ಇಳಿತ.

ಸಾಂಟಾ ಆನಾ 93 ನೆಮ್ಮದಿಯ ಸ್ಕೀ. ಕೆದರಿದ ಹಿಮದಲ್ಲಿ ಅಲುಗಾಡಲಿಲ್ಲ. ಗಟ್ಟಿ ನೆಲದಲ್ಲಿ ಮಾತ್ರ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಸಮಯ ಬೇಕು, ಮತ್ತೆ ಮೊಣಕಾಲಿಗೆ ಗೊತ್ತಾಗುತ್ತದೆ. ಅಂಚು ಪಾದದಿಂದ ಹೊರಗೆ ಹೋದಷ್ಟೂ ಅದನ್ನು ಕಚ್ಚಿಸಿ ಹಿಡಿಯಲು ಕಾಲು ಹೆಚ್ಚು ತಿರುಚಬೇಕಾಗುತ್ತದೆ. ಬ್ಲಾಕ್ ಪರ್ಲ್ 88 ಎಲ್ಲದಕ್ಕೂ ಒಗ್ಗುತ್ತದೆ, ಅಷ್ಟು ಜನ ಅದನ್ನು ಮೆಚ್ಚುವುದು ಯಾಕೆ ಅಂತ ತಿಳಿಯಿತು.

ಎಲಾನ್ ವೈಲ್ಡ್‌ಕ್ಯಾಟ್ 82 ಹಾಕಿದಾಗ ಕಥೆಯೇ ಬೇರೆಯಾಯಿತು. ಸ್ಲೊವೇನಿಯಾದ ಕಂಪನಿ. ಇವರ ಜೋಡಿಯಲ್ಲಿ ಎಡ ಬಲ ಅಂತ ಗುರುತು ಇರುತ್ತದೆ. ಒಳ ಅಂಚು ಕಮಾನಿನಂತೆ ಬಾಗಿ ನೆಲ ಹಿಡಿಯುತ್ತದೆ, ಹೊರ ಅಂಚಿನ ತುದಿಗಳು ಮೇಲೆದ್ದು ದಾರಿ ಬಿಡುತ್ತವೆ. ಮೊಣಕಾಲು ಸ್ವಲ್ಪ ವಾಲಿಸಿದ್ದೇ ತಡ, ಅಂಚು ಹಿಡಿಯಿತು. ಹಿಂದಿರುಗಿ ನೋಡಿದರೆ ಹಿಮದಲ್ಲಿ ಎರಡು ಸಣ್ಣ ಗೆರೆ, ಅಲ್ಲಲ್ಲಿ ಮಾತ್ರ ಒರೆಸಿದ ಗುರುತು. ಇನ್ನೊಂದು ಒಳ್ಳೆಯ ಗುಣ, ನಾನು ಹಿಂದಕ್ಕೆ ವಾಲಿದ ಕೂಡಲೇ ತಿರುವು ಕೈಬಿಡುತ್ತದೆ. ಅಗಲದ ಮೆತ್ತನೆ ಸ್ಕೀ ಆ ತಪ್ಪನ್ನು ಮುಚ್ಚಿಹಾಕುತ್ತದೆ. ಕಲಿಯಬೇಕು ಅನ್ನುವವರಿಗೆ ಹೇಳಿಕೊಡುವ ಸ್ಕೀ ಬೇಕು.

ಡೆಮೊ ಬೈಂಡಿಂಗ್ ಹಳಿಯ ಮೇಲೆ ಸರಿಯುತ್ತದೆ, ಅದರ ಪೂರ್ತಿ ಲಾಭ ತೆಗೆದುಕೊಂಡೆ. ಕಂಪನಿಯ ಗುರುತಿನಿಂದ 1 ಸೆಂ.ಮೀ. ಮುಂದಕ್ಕೆ ಇಡಿಸಿ ನೋಡಿದೆ. ತಿರುವಿನ ಆರಂಭ ಚುರುಕಾಯಿತು, ಆದರೆ ತಿರುವಿನ ಕೊನೆಯಲ್ಲಿ ಹಿಂಬದಿಯ ಆಸರೆ ಕಡಿಮೆಯಾಯಿತು. ಗುರುತಿನ ಮೇಲೇ ಇರಲಿ ಅಂತ ನಿರ್ಧರಿಸಿದೆ. ಹೆಂಗಸರ ಮಾದರಿಯಲ್ಲಿ ಆ ಲೆಕ್ಕವನ್ನು ಮೊದಲೇ ಸೇರಿಸಿರುವುದು ಸಾಮಾನ್ಯ. ಅದರ ಮೇಲೆ ಮತ್ತೆ ಮುಂದೆ ತಂದರೆ ಅತಿಯಾಗಬಹುದು.

ಫೆಬ್ರವರಿ

ವೈಲ್ಡ್‌ಕ್ಯಾಟ್ 82 ಮನೆಗೆ ಬಂತು. ಉದ್ದ ನನ್ನ ಮೂಗಿನ ಹತ್ತಿರ ಬರುತ್ತದೆ, ಬಾಡಿಗೆಯದಕ್ಕಿಂತ ಸಾಕಷ್ಟು ಜಾಸ್ತಿ.

ಬೈಂಡಿಂಗ್ ಬಿಚ್ಚಿಕೊಳ್ಳುವ ಬಿಗಿಯನ್ನು ಅಂಗಡಿಯ ತಂತ್ರಜ್ಞರಿಂದಲೇ ಹಾಕಿಸಿದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಆಡುವ ರೀತಿ, ಇವೆಲ್ಲ ಸೇರಿ ಆ ಸಂಖ್ಯೆ ಬರುತ್ತದೆ. 50 ಆದವರಿಗೆ ಪಟ್ಟಿಯಲ್ಲಿ ಒಂದು ಮೆಟ್ಟಿಲು ಇಳಿಸುತ್ತಾರೆ. ದಯವಿಟ್ಟು ವಯಸ್ಸು, ತೂಕ ಸರಿಯಾಗಿ ಹೇಳಿ. ಬಿದ್ದಾಗ ಕಾಲು ಉಳಿಯುವುದು ಅದರಿಂದ.

ಬದಲಾವಣೆ ಕಾಣುತ್ತಿದೆ. ಎಡಕ್ಕೆ ತಿರುಗುವಾಗ ಗೆರೆ ಪೂರ್ತಿ ಸ್ವಚ್ಛ. ಬಲಕ್ಕೆ ತಿರುಗುವಾಗ ಇನ್ನೂ ಕೊನೆಯಲ್ಲಿ ಜಾರುತ್ತಿದೆ, ಎಡಗಾಲಿನ ಮೇಲೆ ನಾನು ಪೂರ್ತಿ ಭಾರ ಹಾಕುತ್ತಿಲ್ಲ. ಒಳಗಿನ ಕಾಲನ್ನು ಸ್ವಲ್ಪ ಎತ್ತಿ ತಿರುಗುವ ಅಭ್ಯಾಸ ಶುರು ಮಾಡಿದ್ದೇನೆ. ಮಾರ್ಚ್‌ನೊಳಗೆ ಎರಡೂ ಕಡೆ ಸಮ ಆಗಬೇಕು. ಆಮೇಲೆ ಸ್ಕೀಯ ಪಕ್ಕದ ಅಂಚನ್ನು 2 ಡಿಗ್ರಿಯಿಂದ 3 ಡಿಗ್ರಿಗೆ, ಅಂದರೆ ಇನ್ನಷ್ಟು ಚೂಪಾಗಿ ಮಸೆಸಿ, ಅದೇ ಇಳಿಜಾರಿನಲ್ಲಿ ಮತ್ತೆ ನೋಡುತ್ತೇನೆ.