ಡ್ಯಾಮೇಜ್ ಬಾರ್ ನೋಡಬೇಡಿ, ಗುಂಡು ಎಣಿಸಿ

ಶೂಟಿಂಗ್ ಗೇಮ್‌ಗಳಲ್ಲಿ ಗನ್ ಆರಿಸುವಾಗ ಡ್ಯಾಮೇಜ್, ಫೈರ್ ರೇಟ್, ರೇಂಜ್ ಅಂತ ನಾಲ್ಕೈದು ಬಾರ್‌ಗಳು ಕಾಣುತ್ತವೆ. ಯಾವುದರ ಬಾರ್ ಉದ್ದವೋ ಅದೇ ಒಳ್ಳೆಯ ಗನ್ ಅಂದುಕೊಳ್ಳುವವರೇ ಹೆಚ್ಚು. ಆದರೆ ನಿಜವಾಗಿ ಲೆಕ್ಕಕ್ಕೆ ಬರುವುದು ಎಷ್ಟನೇ ಗುಂಡಿಗೆ ಎದುರಾಳಿ ಬೀಳುತ್ತಾನೆ, ಅಷ್ಟು ಗುಂಡು ಹಾರಲು ಎಷ್ಟು ಹೊತ್ತು ಬೇಕು ಎಂಬ ಎರಡೇ ಸಂಗತಿ.

ಹೆಲ್ತ್ 100 ಅಂತ ಇಟ್ಟುಕೊಳ್ಳಿ. ಡ್ಯಾಮೇಜ್ 34 ಇದ್ದರೆ ಮೂರು ಗುಂಡು ಸಾಕು. 33 ಇದ್ದರೆ ಮೂರು ಗುಂಡಿಗೆ 99 ಆಗಿ, ಉಳಿದ ಒಂದಕ್ಕೋಸ್ಕರ ನಾಲ್ಕನೆಯದು ಹೊಡೆಯಬೇಕು. 25ರಿಂದ 33ರವರೆಗೆ ಯಾವ ಸಂಖ್ಯೆ ಇದ್ದರೂ ನಾಲ್ಕೇ ಗುಂಡು. ಅಂದರೆ 25ಕ್ಕೂ 33ಕ್ಕೂ ಬಾರ್‌ನಲ್ಲಿ ಎದ್ದು ಕಾಣುವ ವ್ಯತ್ಯಾಸ ಆಟದಲ್ಲಿ ಏನೂ ಅಲ್ಲ. 33ಕ್ಕೂ 34ಕ್ಕೂ ನಡುವೆ ಬಾರ್‌ನಲ್ಲಿ ಕಣ್ಣಿಗೇ ಬೀಳದ ವ್ಯತ್ಯಾಸ ಮಾತ್ರ ಒಂದು ಗುಂಡಿನಷ್ಟು ದೊಡ್ಡದು.

ಇನ್ನು ಹೊತ್ತಿನ ಲೆಕ್ಕ. 60,000ವನ್ನು ನಿಮಿಷಕ್ಕೆ ಹಾರುವ ಗುಂಡುಗಳ ಸಂಖ್ಯೆಯಿಂದ ಭಾಗಿಸಿದರೆ ಎರಡು ಗುಂಡುಗಳ ನಡುವಿನ ಅಂತರ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ಮೊದಲ ಗುಂಡು ಟ್ರಿಗರ್ ಒತ್ತಿದ ತಕ್ಷಣ ಹೋಗುವುದರಿಂದ ಅಂತರಗಳು ಗುಂಡುಗಳಿಗಿಂತ ಒಂದು ಕಡಿಮೆ. ಇದನ್ನು ಮರೆತು ಲೆಕ್ಕ ತಪ್ಪಿಸಿಕೊಳ್ಳುವವರು ತುಂಬಾ ಜನ.

ಒಂದು ಗನ್‌ಗೆ ಡ್ಯಾಮೇಜ್ 35, ನಿಮಿಷಕ್ಕೆ 600 ಗುಂಡು. ಮೂರು ಗುಂಡು, ಎರಡು ಅಂತರ, 200 ಮಿಲಿಸೆಕೆಂಡು. ಇನ್ನೊಂದಕ್ಕೆ ಡ್ಯಾಮೇಜ್ 32, ನಿಮಿಷಕ್ಕೆ 750. ನಾಲ್ಕು ಗುಂಡು, 80ರಂತೆ ಮೂರು ಅಂತರ, 240. ಸೆಕೆಂಡಿಗೆ ಎಷ್ಟು ಡ್ಯಾಮೇಜ್ ಅಂತ ನೋಡಿದರೆ ಎರಡನೆಯದೇ ಮುಂದೆ, 400ಕ್ಕೆ 350. ಆದರೂ ಮೊದಲು ಬೀಳಿಸುವುದು ಒಂದನೆಯದು. ಹಾಗಂತ ಅಲ್ಲಿಗೇ ಬಿಡಬೇಡಿ. ತಲೆಗೆ ಒಂದೂವರೆ ಪಟ್ಟು ಡ್ಯಾಮೇಜ್ ಇರುವ ಗೇಮ್‌ನಲ್ಲಿ ಒಂದೇ ಒಂದು ಹೆಡ್‌ಶಾಟ್ ಬಿದ್ದರೆ ಎರಡನೆಯದಕ್ಕೆ 48, 32, 32 ಸೇರಿ 112. ಮೂರು ಗುಂಡು, 160 ಮಿಲಿಸೆಕೆಂಡಿಗೇ ಕೆಲಸ ಮುಗಿಯಿತು. ಒಂದನೆಯದಕ್ಕೆ ಆ ಹೆಡ್‌ಶಾಟ್‌ನಿಂದ ಲಾಭವೇ ಇಲ್ಲ, ಆಗಲೂ ಮೂರೇ ಗುಂಡು. ದೂರ ಹೆಚ್ಚಿದಂತೆ ಡ್ಯಾಮೇಜ್ 30ಕ್ಕೂ 27ಕ್ಕೂ ಇಳಿಯಿತು ಅನ್ನಿ. ಆಗ ಎರಡಕ್ಕೂ ನಾಲ್ಕು ಗುಂಡು ಬೇಕು. 300 ಮತ್ತು 240, ಎರಡನೆಯದೇ ಮೇಲು. ನೀವು ಸಾಮಾನ್ಯವಾಗಿ ಎಷ್ಟು ದೂರದಿಂದ ಹೊಡೆಯುತ್ತೀರೋ ಆ ದೂರದ ಸಂಖ್ಯೆ ಹಿಡಿದು ಲೆಕ್ಕ ಹಾಕಿ.

ಆರ್ಮರ್ ಬಂದರೆ ಮತ್ತೊಂದು ತಿರುವು. ಕೌಂಟರ್-ಸ್ಟ್ರೈಕ್ 2ರಲ್ಲಿ ಎಕೆ-47ಗೆ ಮೂಲ ಡ್ಯಾಮೇಜ್ 36, ಎಂ4ಎ4ಗೆ 33. ನೋಡಲು ಮೂರರ ವ್ಯತ್ಯಾಸ, ಅಷ್ಟೇ. ತಲೆಗೆ ನಾಲ್ಕು ಪಟ್ಟು. ಎದುರಾಳಿ ಹೆಲ್ಮೆಟ್ ಹಾಕಿದ್ದರೆ ಎಕೆಯದರಲ್ಲಿ 77.5%, ಎಂ4ಎ4ದರಲ್ಲಿ 70% ಮಾತ್ರ ತಗಲುತ್ತದೆ. ಹತ್ತಿರದಿಂದ ಹೊಡೆದರೆ ಎಕೆಗೆ 111, ಎಂ4ಎ4ಗೆ 92. ಒಂದೇ ಗುಂಡಿಗೆ ಬೀಳಿಸುತ್ತದೆ ಎಂಬ ಎಕೆಯ ಹೆಸರು ಹುಟ್ಟಿರುವುದು ಈ ಗುಣಾಕಾರದಲ್ಲೇ.

ಗೇಮ್ ಸಂಖ್ಯೆ ಕೊಡದೆ ಬರೀ ಬಾರ್ ತೋರಿಸಿದರೆ ಟ್ರೈನಿಂಗ್ ಮೋಡ್‌ನಲ್ಲಿ ನೀವೇ ಅಳೆಯಬಹುದು. ಸೆಕೆಂಡಿಗೆ 60 ಫ್ರೇಮ್ ವಿಡಿಯೋ ರೆಕಾರ್ಡ್ ಮಾಡಿ, 30 ಗುಂಡಿನ ಮ್ಯಾಗಜಿನ್ ಒಂದೇ ಸಮನೆ ಖಾಲಿ ಮಾಡಿ. ಮೊದಲ ಗುಂಡಿನಿಂದ ಕೊನೆಯದರವರೆಗೆ ಫ್ರೇಮ್ ಎಣಿಸಿ, 29ನ್ನು 3600ರಿಂದ ಗುಣಿಸಿ ಆ ಎಣಿಕೆಯಿಂದ ಭಾಗಿಸಿ. 174 ಫ್ರೇಮ್ ಬಂದರೆ ನಿಮಿಷಕ್ಕೆ 600. ಎರಡು ಮೂರು ಗುಂಡಷ್ಟೇ ಹೊಡೆದು ಅಳೆದರೆ ಒಂದು ಫ್ರೇಮ್ ತಪ್ಪಿದರೂ ಉತ್ತರ ಎಲ್ಲಿಗೋ ಹೋಗುತ್ತದೆ.

ಬೇರೆ ಬೇರೆ ಜಾತಿಯ ಆಯುಧಗಳ ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಇನ್ನೂ ಎಚ್ಚರ ಬೇಕು. ಮಾನ್‌ಸ್ಟರ್ ಹಂಟರ್: ವರ್ಲ್ಡ್ ಎಂಬ ಗೇಮ್‌ನಲ್ಲಿ ಗ್ರೇಟ್ ಸೋರ್ಡ್‌ಗೆ 480, ಡ್ಯುಯಲ್ ಬ್ಲೇಡ್ಸ್‌ಗೆ 140 ಅಂತ ತೋರಿಸಿದರೆ ಎರಡರ ಅಸಲಿ ಅಟ್ಯಾಕ್ ಒಂದೇ, 100. ಒಂದನ್ನು 4.8ರಿಂದ, ಇನ್ನೊಂದನ್ನು 1.4ರಿಂದ ಗುಣಿಸಿ ಪರದೆಗೆ ಹಾಕಿರುತ್ತಾರೆ. ಅಲ್ಲಿನ ಅಫಿನಿಟಿಯೂ, ಅಂದರೆ ಏಟು ಹೆಚ್ಚು ಜೋರಾಗಿ ಬೀಳುವ ಸಾಧ್ಯತೆಯೂ, ಹಾಗೆಯೇ: 40% ಎಂದರೆ ನೂರಕ್ಕೆ ನಲವತ್ತು ಏಟಿಗೆ ಕಾಲು ಭಾಗ ಹೆಚ್ಚು, ಸರಾಸರಿ ಬರೀ 10%. ಹಾಗಾಗಿ ಅಸಲಿ ಅಟ್ಯಾಕ್ 200 ಇದ್ದು 40% ಅಫಿನಿಟಿ ಇರುವ ಕತ್ತಿಯೂ, ಅಫಿನಿಟಿಯೇ ಇಲ್ಲದ 220ರ ಕತ್ತಿಯೂ ಸರಿಸಮ.